ಅಪ್ಪ ಕೂಡಿಸಿದ ಎರಡು ವರ್ಷ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಮರಿ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಿದ್ದೆ ಬರುತ್ತಿದೆಯಾ? ವಾಡಿಕೆಗೆ ಕೇಳುತ್ತಿಲ್ಲ, ಒಂದೊಂದಕ್ಕೂ ಉತ್ತರ ಬೇಕು. ಮೂವತ್ತು ದಾಟಿದ ಮೀಸೆಯವನನ್ನು ಅಕ್ಕ ಮರಿ ಅನ್ನುತ್ತಾಳಲ್ಲ ಎಂದು ಮೂಗು ಮುರಿಯುವುದಾದರೆ ಮುರಿ. ಮೂರು ವರ್ಷದಿಂದ ನನ್ನ ಫೋನ್ ಎತ್ತದವನನ್ನು ಬೇರೆ ಏನೆಂದು ಕರೆಯಬೇಕೋ ನನಗೆ ತಿಳಿಯದು. ಅಮ್ಮನಿಗಾದರೂ ಆರು ತಿಂಗಳಿಗೊಂದು ಕಾಗದ ಹಾಕುತ್ತೀಯಲ್ಲ, ಆ ಪುಣ್ಯಕ್ಕೆ ನಿನ್ನ ವಿಳಾಸ ಸಿಕ್ಕಿತು. ಹಡಗಿನ ಕೆಲಸ ಬಿಟ್ಟು ಬಂದರಿನ ವರ್ಕ್‌ಶಾಪು ಸೇರಿಕೊಂಡದ್ದು ಒಳ್ಳೆಯದೇ ಆಯಿತು. ಇಲ್ಲಿ ನಾನು ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ.

ಈಗ ಸುದ್ದಿ. ನಿಮ್ಮಣ್ಣನಿಗೆ ಲಿವರು ಬದಲಾಯಿಸಿದರು. ಗಾಬರಿಯಾಗಬೇಡ, ಬದುಕಿದ್ದಾನೆ. ಇವತ್ತಿಗೆ ಹನ್ನೆರಡು ದಿನ. ನಿನ್ನ ಅತ್ತಿಗೆ ತನ್ನ ಲಿವರಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಟ್ಟಳು. ಮೊನ್ನೆ ಅವನ ರಕ್ತದ ರಿಪೋರ್ಟಿನಲ್ಲಿ ಲಿವರಿನ ಅಂಕಿ ಏರಿ ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು, ಇವತ್ತು ಬೆಳಿಗ್ಗೆ ಇಳಿದಿದೆ. ಆದರೆ ಈ ಕಾಗದ ಬರೆಯುತ್ತಿರುವುದು ಅವನ ಸುದ್ದಿ ಹೇಳಲಿಕ್ಕಷ್ಟೇ ಅಲ್ಲ. ಇದರ ಜೊತೆಗೆ ಒಂದು ಚೀಟಿ ಇಟ್ಟಿದ್ದೇನೆ. ಅದರಲ್ಲಿ ಮೂರು ಪರೀಕ್ಷೆಗಳಿವೆ: ರಕ್ತದ್ದೊಂದು, ಇಡೀ ದಿನದ ಮೂತ್ರ ಹಿಡಿದಿಟ್ಟು ಕೊಡುವುದೊಂದು, ಕಣ್ಣಿನದ್ದೊಂದು. ಮೂರನ್ನೂ ನೀನು ಮಾಡಿಸಿಕೊಳ್ಳಬೇಕು. ಯಾಕೆ ಎಂದು ಹೇಳಹೊರಟರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಮೂರು ಸಲ ಬರೆದು ಹರಿದೆ, ಇದು ನಾಲ್ಕನೆಯದು.

ನನ್ನ ಕೆಲಸ ನಿನಗೆ ಗೊತ್ತು. ‘ಅಕ್ಕ ಲ್ಯಾಬಿನಲ್ಲಿ ಕೂದಲಿಗಿಂತ ತೆಳ್ಳಗೆ ಹೆಚ್ಚುತ್ತಾಳೆ, ಮನೆಯಲ್ಲಿ ತರಕಾರಿ ಮಾತ್ರ ದಪ್ಪದಪ್ಪ’ ಎಂದು ಆಡಿಕೊಳ್ಳುತ್ತಿದ್ದವನು ನೀನೇ ತಾನೆ. ರೋಗಿಯ ಲಿವರಿನಿಂದ ಸೂಜಿಯಲ್ಲಿ ತೆಗೆದ ಎಳೆಯಂಥ ತುಣುಕು ನಮ್ಮ ಕೋಣೆಗೆ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಮೇಡಂ ಮುಂದೆ ಇಡುವವಳು ನಾನು. ಮೇಡಂ ಎಂದರೆ ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ ಇಟ್ಟುಕೊಂಡು ಮೂರನೆಯದನ್ನು ಹುಡುಕುವವರು. ಅವರ ಸಂಶೋಧನೆ ಇರುವುದು ಬದಲಾಯಿಸಿದ ಲಿವರಿನ ಗಾಯದ ಬಗ್ಗೆ. ರಕ್ತ ನಿಂತಾಗ ಲಿವರಿಗೆ ಗಾಯವಾಗುತ್ತದೆ, ಅದು ಯಾರಿಗಾದರೂ ಅರ್ಥವಾಗುತ್ತದೆ. ಆದರೆ ನಿಂತ ರಕ್ತ ಮರಳಿ ನುಗ್ಗಿದಾಗ ಆಗುವ ಗಾಯ ಎಷ್ಟೋ ಸಲ ಅದಕ್ಕಿಂತ ದೊಡ್ಡದು. ನಮ್ಮಲ್ಲಿಗೆ ಬರುವ ತುಣುಕಿಗೆ ಹೆಸರಿರುವುದಿಲ್ಲ. ನಂಬರು, ಗಂಡೋ ಹೆಣ್ಣೋ, ವಯಸ್ಸು, ಅಷ್ಟೇ. ಇದು ಯಾರದ್ದು ಎಂದು ಕೇಳುವಂತಿಲ್ಲ, ಊಹಿಸುವಂತೆಯೂ ಇಲ್ಲ. ಹೆಸರು ಗೊತ್ತಾದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎನ್ನುತ್ತಾರೆ ಮೇಡಂ.

ಅಣ್ಣನ ಗಡಿಯಾರದ ಅಂಗಡಿಯಲ್ಲಿ ನಡೆದ ಆ ಜಗಳ ನೆನಪಿದೆಯಾ? ನೆನಪಿಲ್ಲದೆ ಏನು, ಅದನ್ನೇ ಹೊತ್ತುಕೊಂಡು ತಾನೆ ನೀನು ಹೋದದ್ದು. ಅಣ್ಣ ಯಾರದೋ ಕೈಗಡಿಯಾರ ಬಿಚ್ಚಿಟ್ಟುಕೊಂಡು ಕೂತಿದ್ದ. ಕೈ ನಡುಗಿ ಸಾಸಿವೆ ಕಾಳಿನಷ್ಟಿದ್ದ ಸ್ಕ್ರೂ ಕೆಳಗೆ ಬಿತ್ತು, ನಾವು ಮೂವರೂ ನೆಲದ ಮೇಲೆ ಮಂಡಿಯೂರಿ ಹುಡುಕಿದೆವು. ಅವನು ಏನೋ ಹೇಳಹೋದ, ನಾಲಿಗೆ ಹೊರಳಲಿಲ್ಲ. ನೀನು ಗಿರಾಕಿಗಳ ಎದುರಿಗೇ, ‘ಬೆಳ್ಳಂಬೆಳಿಗ್ಗೆ ಕುಡಿದು ಕೂತಿದ್ದೀಯಲ್ಲ, ನಾಚಿಕೆ ಆಗಲ್ವಾ’ ಎಂದೆ. ‘ನಾನು ಕುಡಿದಿಲ್ಲ ಕಣೋ’ ಎಂದು ಅವನು ಮೂರು ಸಲ ಹೇಳಿದ. ಮೂರನೆಯ ಸಲ ನನ್ನ ಮುಖ ನೋಡಿ ಹೇಳಿದ. ನಾನು ಬಾಯಿ ಬಿಡಲಿಲ್ಲ. ದಿನವೂ ಲಿವರು ಕತ್ತರಿಸುವ ಅಕ್ಕನೇ ಸುಮ್ಮನಿದ್ದಾಳೆ ಅಂದಮೇಲೆ ನೀನು ನಂಬಿದ್ದರಲ್ಲಿ ತಪ್ಪೇನಿದೆ? ಮಾರನೆಯ ದಿನ ನೀನು ಹಡಗು ಹತ್ತಿದೆ. ಅವನು ಆರು ತಿಂಗಳಿಗೆ ಅಂಗಡಿ ಮುಚ್ಚಿದ.

ಕಳೆದ ವರ್ಷ ಅವನ ಕಣ್ಣು ಹಳದಿಯಾಯಿತು, ಹೊಟ್ಟೆ ಉಬ್ಬಿತು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ, ಸೂಜಿ ಹಾಕಿ ತುಣುಕು ತೆಗೆದರು. ಮರುದಿನ ನನ್ನ ತಟ್ಟೆಯಲ್ಲಿ ಆರು ತುಣುಕುಗಳಿದ್ದವು. ಅದರಲ್ಲೊಂದು ಅವನದ್ದಿರಬೇಕು ಎಂದು ಗೊತ್ತಿತ್ತು. ಯಾವುದೆಂದು ನಾನು ಊಹಿಸಲಿಲ್ಲ. ನಿಯಮ ಅದು, ಪಾಲಿಸಿದೆ ಎಂದು ಹೇಳಿಕೊಳ್ಳಬಹುದು. ನಿಜ ಹೇಳಲೇ? ಹೆದರಿದೆ. ಕುಡಿತದ ಲಿವರು ಹೇಗಿರುತ್ತದೆ ಎಂದು ನನಗೆ ಗೊತ್ತು, ಅದನ್ನು ಅವನದ್ದೆಂದು ತಿಳಿದು ನೋಡಲು ಧೈರ್ಯ ಸಾಲಲಿಲ್ಲ.

ನಮ್ಮ ಗೋಡೆಯ ಮೇಲೆ ಯಾವ ತುಣುಕಿಗೆ ಯಾವ ಬಣ್ಣ ಎಂಬ ಪಟ್ಟಿ ಅಂಟಿಸಿದೆ. ಅದರ ಕೊನೆಯ ಸಾಲು, ತಾಮ್ರ ತೋರಿಸುವ ಬಣ್ಣದ್ದು. ಆ ಬಣ್ಣ ಹಿಡಿಯಲು ಗಾಜು ಮರುದಿನದವರೆಗೆ ಬೆಚ್ಚಗಿನ ಪೆಟ್ಟಿಗೆಯಲ್ಲಿರಬೇಕು, ಇರುವುದು ಒಂದೇ ಪೆಟ್ಟಿಗೆ. ಅದಕ್ಕೇ ‘ನಲವತ್ತರ ಒಳಗಿನವರಿಗೆ ಮಾತ್ರ’ ಎಂದು ಬರೆದಿದ್ದರು, ತಾಮ್ರದ ರೋಗ ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ತೋರುತ್ತದೆ ಎಂದು. ಒಂದು ತುಣುಕಿನ ಚೀಟಿಯಲ್ಲಿ ಗಂಡು, ನಲವತ್ತೊಂದು ಎಂದಿತ್ತು. ನಾನು ಆ ಬಣ್ಣ ಹಾಕಲಿಲ್ಲ. ತುಣುಕಿನ ತುಂಬ ಕೊಬ್ಬು, ಊತ. ಮೇಡಂ ‘ಕುಡಿತದ ಹಾನಿ ಇರಬಹುದು’ ಎಂದು ಬರೆದರು.

ನಿಮ್ಮಣ್ಣನಿಗೆ ನಲವತ್ತೊಂದು ಎಲ್ಲಿ ಆಗಿತ್ತೋ! ಅವನಿಗೆ ಆಗ ಮೂವತ್ತೊಂಬತ್ತು. ನಾನು ಒಬ್ಬಳೇ ಶಾಲೆಗೆ ಹೋಗುವುದಿಲ್ಲ ಎಂದು ರಚ್ಚೆ ಹಿಡಿದಾಗ ಅಪ್ಪ ನನಗಿಂತ ಚಿಕ್ಕವನಾದ ಅವನಿಗೆ ಎರಡು ವರ್ಷ ಕೂಡಿಸಿ, ಹೆಡ್‌ಮಾಸ್ತರರ ಮುಂದೆ ನಿಲ್ಲಿಸಿ, ನನ್ನ ಪಕ್ಕದ ಬೆಂಚಿನಲ್ಲೇ ಕೂರಿಸಿ ಬಂದರು. ಅವಳಿಗಳಾ ಎಂದು ಕೇಳಿದವರಿಗೆಲ್ಲ ಅಪ್ಪ ಮೀಸೆಯಡಿ ನಗುತ್ತಾ ಹೌದು ಎನ್ನುತ್ತಿದ್ದರು. ಆ ಎರಡು ವರ್ಷ ಅವನ ಎಲ್ಲ ಕಾಗದಪತ್ರಗಳಿಗೂ ಅಂಟಿಕೊಂಡು ಬಂತು. ಅವನ ನಿಜವಾದ ವಯಸ್ಸು ಗೊತ್ತಿದ್ದವಳು ಆ ಲ್ಯಾಬಿನಲ್ಲೆಲ್ಲ ನಾನೊಬ್ಬಳೇ. ಅವನದೇ ಆಗಿದ್ದ ಆ ಚೀಟಿ ಇದ್ದದ್ದೂ ನನ್ನ ಕೈಯಲ್ಲೇ.

ಆಮೇಲೆ ಅವನು ಇಳಿಜಾರಿನಲ್ಲಿ ಬಿದ್ದ ಹಾಗೆ ಇಳಿದುಹೋದ. ಬದಲಾಯಿಸದೆ ದಾರಿಯಿಲ್ಲ ಎಂದರು. ಆಪರೇಶನ್ ದಿನ ಬೆಳಿಗ್ಗೆ ಅತ್ತಿಗೆ ಸ್ಟ್ರೆಚರಿನ ಮೇಲೆ ಮಲಗಿಕೊಂಡು, ‘ಹದಿನೈದು ವರ್ಷದಿಂದ ನನ್ನ ತಲೆ ತಿಂದಾಯ್ತು, ಲಿವರೊಂದು ಉಳಿದಿತ್ತು’ ಎಂದಳು. ನರ್ಸು ನಕ್ಕಳು, ಅಮ್ಮ ಅತ್ತಳು. ಅಮ್ಮ, ನಾನು ಇಬ್ಬರೂ ಹೊರಗಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಮಧ್ಯಾಹ್ನ ಮೂರಕ್ಕೆ ಒಬ್ಬರು ಬಂದು, ‘ಜೋಡಿಸಿದ್ದಾಯ್ತು, ಈಗ ರಕ್ತ ಬಿಡ್ತಿದ್ದಾರೆ’ ಎಂದು ಹೇಳಿ ಹೋದರು. ಅಮ್ಮ ಎರಡೂ ಕೈ ಜೋಡಿಸಿದಳು. ನಿಂತ ರಕ್ತ ಮರಳಿ ನುಗ್ಗುವ ಆ ನಿಮಿಷ ಎಂಥದ್ದು ಎಂದು ನಮ್ಮಿಬ್ಬರಲ್ಲಿ ತಿಳಿದಿದ್ದವಳು ನಾನು. ಇಪ್ಪತ್ತು ವರ್ಷ ಗಾಜಿನ ಮೇಲೆ ಆ ಗಾಯವನ್ನು ನೋಡಿದ್ದೇನೆ, ಅದಕ್ಕೆ ಇಷ್ಟು ಹೆದರಿದ್ದು ಅವತ್ತೇ.

ಐದನೆಯ ದಿನ ಕೆಲಸಕ್ಕೆ ಹೋದೆ. ತೆಗೆದುಹಾಕಿದ ಹಳೆಯ ಲಿವರು ಸಂಶೋಧನೆಗೆಂದು ನಮ್ಮ ಕೋಣೆಗೇ ಬರುತ್ತದೆ, ಅದಕ್ಕೆ ವಯಸ್ಸು ನೋಡದೆ ಎಲ್ಲ ಬಣ್ಣಗಳನ್ನೂ ಹಾಕಬೇಕು. ಹಾಕಿದೆ. ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದು ನೋಡಿದರೆ ಗಾಜಿನ ತುಂಬ ಇಟ್ಟಿಗೆ ಬಣ್ಣದ ಸಣ್ಣ ಕಾಳುಗಳು. ಮೇಡಂ ತುಂಬ ಹೊತ್ತು ನೋಡಿದರು. ‘ಇದು ಕುಡಿತ ಅಲ್ಲಮ್ಮ, ತಾಮ್ರ. ಹೊರಗೆ ಹೋಗ್ಬೇಕಾದ ತಾಮ್ರ ಲಿವರಲ್ಲೇ ಕೂತಿದೆ. ತುಂಬಿದ ಮೇಲೆ ಕಣ್ಣಿಗೆ, ಮೆದುಳಿಗೆ ಹೋಗತ್ತೆ. ಕೈ ನಡುಗತ್ತೆ, ಮಾತು ತೊದಲತ್ತೆ, ನೋಡಿದವರು ಕುಡುಕ ಅಂತಾರೆ. ಮೊದಲೇ ಸಿಕ್ಕಿದ್ರೆ ಮಾತ್ರೆಯಲ್ಲೇ ನಿಲ್ಲಿಸಬಹುದಿತ್ತೇನೋ.’ ಆ ವಾರ ನಮ್ಮ ಆಸ್ಪತ್ರೆಯಲ್ಲಿ ಬದಲಾಯಿಸಿದ್ದು ಒಂದೇ ಲಿವರು, ಇನ್ನು ಊಹಿಸಲು ಉಳಿದದ್ದೇನು? ‘ಮೇಡಂ, ಇದು ನನ್ನ ತಮ್ಮನದ್ದು’ ಎಂದೆ. ಎಲ್ಲ ಹೇಳಿದೆ, ಎರಡು ವರ್ಷದ ಕಥೆಯನ್ನೂ. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಎದ್ದು ಹೋಗಿ ಗೋಡೆಯ ಪಟ್ಟಿಯ ಕೊನೆಯ ಸಾಲಿನ ವಯಸ್ಸಿನ ಷರತ್ತಿನ ಮೇಲೆ ಪೆನ್ನಿನಿಂದ ಗೀಟು ಎಳೆದರು. ಆಮೇಲೆ ಕೇಳಿದ್ದು ಒಂದೇ ಮಾತು: ‘ಒಡಹುಟ್ಟಿದವರು ಎಷ್ಟು ಜನ?’

ಮೂವರು ಎಂದೆ. ಈ ರೋಗ ಒಬ್ಬರಿಗೆ ಬಂದರೆ ಉಳಿದ ಒಡಹುಟ್ಟಿದವರಲ್ಲಿ ನಾಲ್ಕಕ್ಕೊಬ್ಬರಿಗೆ ಇರಬಹುದಂತೆ. ನನ್ನ ಪರೀಕ್ಷೆಗಳನ್ನು ಆ ವಾರವೇ ಮುಗಿಸಿದರು, ನನಗಿಲ್ಲ. ಈಗ ಉಳಿದವನು ನೀನು. ಇಲ್ಲದಿದ್ದರೆ ಬಹಳ ಸಂತೋಷ, ಅಕ್ಕ ಸುಮ್ಮನೆ ಹೆದರಿಸಿದಳು ಎಂದು ಜೀವಮಾನವಿಡೀ ಆಡಿಕೊಂಡು ನಗು. ಇದ್ದರೆ ಮಾತ್ರೆಗಳಿವೆ.

ಮೊನ್ನೆ ಅಣ್ಣನಿಗೂ ಎಲ್ಲ ಹೇಳಿದೆ. ಬಣ್ಣ ಹಾಕದವಳು ನಾನೇ ಎಂದೆ. ‘ಹಾಗಾದ್ರೆ ನಾನು ಕುಡೀತಿರಲಿಲ್ಲ ಅಂತ ಈಗ ನಂಬಿದ್ಯಾ?’ ಎಂದು ಕೇಳಿದ. ನಾನು ಅಲ್ಲೇ ಮಂಚದ ಅಂಚು ಹಿಡಿದುಕೊಂಡು ಅತ್ತುಬಿಟ್ಟೆ ಕಣೋ. ಸ್ವಲ್ಪ ಹೊತ್ತಿನ ಮೇಲೆ, ‘ಮೊದಲು ಚಿಕ್ಕವನಿಗೆ ತಿಳಿಸು’ ಎಂದ. ಅವನಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಬರುವುದಾದರೆ ಬಾ, ಆದರೆ ಮೊದಲ ದಿನವೇ ತಪ್ಪಾಯಿತು ಎಂದು ಅವನ ಮೇಲೆ ಬಿದ್ದು ಗೋಳಾಡಬೇಡ. ಪಕ್ಕದಲ್ಲಿ ಕೂತು ಗಂಟೆ ಎಷ್ಟಾಯಿತು ಎಂದು ಕೇಳು, ಸಾಕು. ಉಳಿದದ್ದು ನಿಧಾನವಾಗಿ ಆಗಲಿ.

ಅಮ್ಮ ನಿನಗೆ ಆಶೀರ್ವಾದ ಬರೆಯಲು ಹೇಳಿದ್ದಾಳೆ, ಜೊತೆಗೆ ಎರಡು ಬೈಗುಳವನ್ನೂ. ಬೈಗುಳ ನೀನು ಬಂದ ಮೇಲೆ ಅವಳ ಬಾಯಿಂದಲೇ ಕೇಳು. ನೂರು ಕಾಲ ಚೆನ್ನಾಗಿರು.

ನಿನ್ನ,
ದಪ್ಪದಪ್ಪ ತರಕಾರಿಯ ಅಕ್ಕ

ಮರೆತ ಮಾತು: ಲಕೋಟೆಯ ಮೇಲೆ ವಿಳಾಸ ಬರೆಯಲು ನಿನ್ನ ಹೋದ ತಿಂಗಳ ಕಾಗದವನ್ನು ಈಗ ತಾನೇ ಬಿಚ್ಚಿದೆ. ಅಕ್ಷರ ಇರುವೆ ಸಾಲಿನಷ್ಟು ಸಣ್ಣದಾಗಿದೆ, ಸಾಲುಗಳು ನಡುಗಿ ಕೆಳಗೆ ಜಾರಿವೆ. ನಿನ್ನ ಅಕ್ಷರ ಹೀಗಿರಲಿಲ್ಲ. ಅಂಗಡಿ ಮುಚ್ಚುವ ಮುಂಚಿನ ತಿಂಗಳುಗಳಲ್ಲಿ ಅಣ್ಣ ಬರೆದ ರಿಪೇರಿ ಚೀಟಿಗಳು ಹೀಗೇ ಇದ್ದವು. ಕಾಗದ ಬಂದ ದಿನ ‘ಪಾಪ, ಹಡಗು ಅಲ್ಲಾಡ್ತಿರುತ್ತೆ, ಬರೆಯೋಕೆ ಎಲ್ಲಿ ಆಗುತ್ತೆ’ ಎಂದು ಅಮ್ಮ ಹಳೆಯ ನೆನಪಿನಲ್ಲೇ ಹೇಳಿದಳು, ನಾನೂ ತಲೆಯಾಡಿಸಿದೆ. ಹೇಗೆ ತಲೆಯಾಡಿಸಿದೆನೋ! ನೀನು ಹಡಗು ಬಿಟ್ಟು ಎರಡು ವರ್ಷವಾಯಿತು. ನೆಲ ಅಲ್ಲಾಡುವುದಿಲ್ಲ ಮರಿ. ಚೀಟಿ ಹಿಡಿದುಕೊಂಡು ಇವತ್ತೇ ಆಸ್ಪತ್ರೆಗೆ ಹೋಗು. ವಯಸ್ಸು ಕೇಳಿದರೆ ನಿಜವಾದದ್ದನ್ನು ಹೇಳು, ನಿನಗೂ ಅಪ್ಪ ಒಂದು ವರ್ಷ ಕೂಡಿಸಿದ್ದಾರೆ.