ತಿಂಗಳಿಗೊಂದು ದೋಣಿ

ಹಾಸ್ಟೆಲ್, ಕಿಟಕಿ ಪಕ್ಕದ ಮಂಚ
ಫೆಬ್ರವರಿ ೯, ಭಾನುವಾರ

ಸಿಟ್ಟು ಬಂದಿದ್ದರೂ ಪ್ರೀತಿಯವಳೇ ಆದ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ, ಇಲ್ಲ ಇನ್ನೂ ಕೆಸರಲ್ಲಿ ನಿಂತು ಏಡಿ ಎಣಿಸುತ್ತಲೇ ಇದ್ದೀಯಾ? ನಾನು ಆರಾಮ. ಊಟ, ನಿದ್ದೆ ಎಲ್ಲ ಸರಿಯಾಗಿದೆ, ಕ್ಲಾಸುಗಳು ಚೆನ್ನಾಗಿ ನಡೆಯುತ್ತಿವೆ. ಈ ಪತ್ರವನ್ನು ನಿಮ್ಮ ಏಡಿ ಸಂಶೋಧನಾ ಕೇಂದ್ರಕ್ಕೆ ಡೀಸೆಲ್ ಸಾಗಿಸುವ ದೋಣಿಯವನ ಕೈಗೆ ಕೊಡುತ್ತಿದ್ದೇನೆ. ಅಲ್ಲಿ ಟವರ್ ಬಿದ್ದ ಮೇಲೆ ನಿನಗೆ ಫೋನ್ ಮಾಡುವುದೂ ಒಂದೇ, ಗೋಡೆಗೆ ಮಾತಾಡುವುದೂ ಒಂದೇ. ದೋಣಿ ಅಂದ ಕೂಡಲೇ ನನಗೆ ಮತ್ತೆ ಮೈ ಉರಿಯುತ್ತಿದೆ. ಇರು, ಹೇಳುತ್ತೇನೆ.

ನಿನ್ನ ಪ್ರಾಜೆಕ್ಟಿಗೆ ದುಡ್ಡು ಕೊಡುವ ಸಂಶೋಧನಾ ಕಚೇರಿಯಲ್ಲೇ ನನಗೊಂದು ಪಾರ್ಟ್‌ಟೈಮ್ ಕೆಲಸ ಸಿಕ್ಕಿದೆ. ನಾನು ನಿನ್ನ ಮಗಳು ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ನೀವೆಲ್ಲ ಪ್ರತಿ ತಿಂಗಳು ಖರ್ಚು ತುಂಬಬೇಕಲ್ಲ, ಆ ಸಾಫ್ಟ್‌ವೇರಿಗೆ ಇವತ್ತಿನವರೆಗೆ ಮ್ಯಾನುಯಲ್ಲೇ ಇರಲಿಲ್ಲ. ಮಾಡಿದವನು ಮಾಡಿ ಎದ್ದು ಹೋದ, ಉಳಿದವರು ಊಹೆಯ ಮೇಲೆ ನಡೆಸಿಕೊಂಡು ಬಂದರು. ಫಸ್ಟ್ ಇಯರ್ ಹುಡುಗಿ, ಸಂಬಳ ಕಡಿಮೆ ಕೊಟ್ಟರೂ ಬಾಯಿ ಬಿಡೋಲ್ಲ ಅಂತ ಅದನ್ನು ಬರೆಯೋಕೆ ನನ್ನನ್ನು ಕೂರಿಸಿದರು. ಬೆನ್ನು ಮುರಿದ ಕುರ್ಚಿ, ಪ್ರಿಂಟರ್ ಪಕ್ಕ ಜಾಗ. ನನ್ನ ಕನ್ನಡ ನಿನಗೆ ಗೊತ್ತೇ ಇದೆ, ಅರ್ಧ ಇಂಗ್ಲಿಷಿನಲ್ಲೇ ಯೋಚನೆ ಮಾಡುತ್ತೇನೆ. ಆದರೂ ಒಂದೊಂದು ಬಟನ್ ಒತ್ತಿ, ಏನಾಗುತ್ತೆ ನೋಡಿ, ನೋಡಿದ್ದನ್ನೇ ಬರೆದೆ.

ಪಾಠಕ್ಕೆ ಅಂತ ಒಂದು ಸುಳ್ಳು ಪ್ರಾಜೆಕ್ಟ್ ಮಾಡಿಕೊಂಡಿದ್ದೆ. ಮೊದಲ ತಿಂಗಳು ಒಂದು ಕುರ್ಚಿ ಕೊಂಡೆ. ಎರಡನೇ ತಿಂಗಳು ಏನೂ ತುಂಬದೆ ಬಿಟ್ಟೆ. ರಿಪೋರ್ಟ್ ತೆಗೆದರೆ ಎರಡು ಕುರ್ಚಿ! ಮೂರನೇ ತಿಂಗಳೂ ಖಾಲಿ ಬಿಟ್ಟರೆ ಮೂರು. ಯಾರಾದರೂ ತುಂಬದೆ ಬಿಟ್ಟರೆ, ಹೋದ ತಿಂಗಳು ಆದಷ್ಟೇ ಈ ತಿಂಗಳೂ ಆಗಿರಬೇಕು ಅಂತ ಅದು ತಾನೇ ಅಂದುಕೊಂಡು ತುಂಬಿಬಿಡುತ್ತೆ. ನನಗೆ ನಗು ಬಂತು. ಆಮೇಲೆ ನಿನ್ನ ನೆನಪಾಗಿ ನಗು ನಿಂತಿತು. ನಿನ್ನ ಪ್ರಾಜೆಕ್ಟ್ ತೆರೆದೆ. ನೀನು ಕೊನೆಯ ಸಲ ಲೆಕ್ಕ ತುಂಬಿದ್ದು ದೋಣಿ ಕೊಂಡ ತಿಂಗಳು. ಆಮೇಲೆ ಖರ್ಚೇ ಆಗಿಲ್ಲ, ಏನು ತುಂಬಲಿ ಅಂತ ಸುಮ್ಮನಿದ್ದೀಯ. ಅದರ ಪ್ರಕಾರ ನೀನು ಪ್ರತಿ ತಿಂಗಳೂ ಒಂದೊಂದು ದೋಣಿ ಕೊಂಡಿದ್ದೀಯ ಅಮ್ಮ. ಕೊಟ್ಟ ದುಡ್ಡು ಮೀರಿದೆ ಅಂತ ಉದ್ದಕ್ಕೂ ಕೆಂಪು ಬಣ್ಣ. ಕಚೇರಿಯಲ್ಲಿ ನಿನ್ನ ಹೆಸರೇ ದೋಣಿ ಮೇಡಂ. ಬಿಲ್ಲು ನೋಡುವ ಆಂಟಿ ನನ್ನ ಎದುರಿಗೇ ಟೀ ಕುಡಿಯುತ್ತಾ "ಏಡಿ ಎಣಿಸೋಕೆ ಈಯಮ್ಮನಿಗೆ ನೌಕಾಪಡೆ ಬೇಕೇನೋ" ಅಂದರು. ಎಲ್ಲರೂ ನಕ್ಕರು. ನಾನು ಸ್ಟೇಪ್ಲರ್ ಹಿಡಿದುಕೊಂಡು ಕೂತಿದ್ದೆ. ಬರುವ ಶುಕ್ರವಾರ ಸಮಿತಿ ಕೂರುತ್ತೆ, ಕೆಂಪಗಿರುವ ಪ್ರಾಜೆಕ್ಟುಗಳನ್ನೆಲ್ಲ ಮುಚ್ಚುತ್ತಾರಂತೆ.

ಇದನ್ನೇ ಮ್ಯಾನುಯಲ್ಲಿನಲ್ಲಿ ಒಂದು ಪ್ಯಾರಾ ಬರೆದೆ: ಖಾಲಿ ಬಿಡಬೇಡಿ, ಖರ್ಚಿಲ್ಲದಿದ್ದರೆ ಸೊನ್ನೆ ತುಂಬಿ, ಇಲ್ಲವಾದರೆ ಹಳೆಯ ಖರ್ಚೇ ಮತ್ತೆ ಸೇರುತ್ತದೆ. ನಮ್ಮ ಮೇಲ್ವಿಚಾರಕರು ಓದಿ ಅದೊಂದನ್ನೇ ಅಳಿಸಿದರು. "ಇದನ್ನ ಬರೆದ್ರೆ ಇಷ್ಟು ದಿನದ ರಿಪೋರ್ಟೆಲ್ಲ ಸುಳ್ಳು ಅಂತಾಗುತ್ತೆ ಕಣಮ್ಮ. ಬಟನ್ ಎಲ್ಲಿದೆ ಅಂತಷ್ಟೇ ಬರಿ, ಸಾಕು. ಬುದ್ಧಿವಂತಿಕೆ ಪರೀಕ್ಷೇಲಿ ತೋರ್ಸು." ನಾನು, ನಿನ್ನ ಹೇಡಿ ಮಗಳು, ಆಗಲಿ ಸರ್ ಅಂದೆ. ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ. ಕನ್ನಡಿಯಲ್ಲಿ ಮೂಗು ಟೊಮೇಟೊ ಆಗಿತ್ತು. ವಾಪಸ್ ಬಂದು ಆ ಪ್ಯಾರಾ ಮತ್ತೆ ಹಾಕಿ, ಇದು ಕರಡು, ನಿಮ್ಮ ಅಭಿಪ್ರಾಯ ತಿಳಿಸಿ ಅಂತ ಎಲ್ಲ ಪ್ರಾಜೆಕ್ಟ್ ಮುಖ್ಯಸ್ಥರಿಗೂ ಕಳಿಸಿಬಿಟ್ಟೆ. ನಾಳೆ ಆ ಕುರ್ಚಿ ನನಗಿರುತ್ತೋ ಇಲ್ಲವೋ. ಎಲ್ಲರಿಗೂ ತಲುಪಿದೆ, ಟವರಿಲ್ಲದ ನಿನ್ನೊಬ್ಬಳನ್ನು ಬಿಟ್ಟು.

ಅವರ ಮೇಲೆ ಎಷ್ಟು ಸಿಟ್ಟಿದೆಯೋ ನಿನ್ನ ಮೇಲೂ ಅಷ್ಟೇ ಇದೆ. ನೀನೂ ಆ ಸಾಫ್ಟ್‌ವೇರಿನ ಹಾಗೇ. ಸ್ಕೂಲ್ ಹಾಸ್ಟೆಲಿಗೆ ವರ್ಷವೂ ಅದೇ ಅಳತೆಯ ಬೂಟು ಕಳಿಸುತ್ತಿದ್ದೆ, ನೆನಪಿದೆಯಾ? ಹೋದ ಸಲ ಸರಿಹೋಗಿತ್ತಲ್ಲ ಅಂತ. ಹಿಮ್ಮಡಿ ತುಳಿದುಕೊಂಡು ಚಪ್ಪಲಿ ಮಾಡಿ ಹಾಕಿಕೊಂಡೆ, ವಾರ್ಡನ್ ಹತ್ತಿರ ಬೈಸಿಕೊಂಡೆ, ನಿನಗೆ ಮಾತ್ರ ಬರೆಯಲಿಲ್ಲ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೀಗೆ ಇಬ್ಬರೂ ಖಾಲಿ ಬಿಟ್ಟುಕೊಂಡೇ ಬಂದಿದ್ದೇವೆ. ನೀನು ಏಡಿಗಳನ್ನು ಎಷ್ಟು ನಿಗಾ ಇಟ್ಟು ನೋಡುತ್ತೀಯೋ, ಅದರಲ್ಲಿ ಕಾಲು ಭಾಗ ನನ್ನ ಕಾಲಿನ ಕಡೆ ನೋಡಿದ್ದರೆ ಆಗುತ್ತಿತ್ತು. ಬೈದೆ ಅಂತ ಬೇಜಾರು ಮಾಡಿಕೊಳ್ಳಬೇಡ. ಆದರೂ ಪರವಾಗಿಲ್ಲ, ಸ್ವಲ್ಪ ಮಾಡಿಕೋ.

ಕೇಂದ್ರದ ಅಡುಗೆ ಅಣ್ಣನಿಗೂ ಆ ಮುದಿ ನಾಯಿಗೂ ನನ್ನ ನೆನಪು ಹೇಳು. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೋ, ಸೋಮಾರಿತನ ಬೇಡ.

ನಿನ್ನ ಮೇಲೆ ಕೋಪಿಸಿಕೊಂಡಿರುವ, ನಿನ್ನೊಬ್ಬಳೇ
ಮಗಳು

ಮರೆತಿದ್ದೆ, ದೋಣಿಯವನು ಡೀಸೆಲ್ ಟೆಂಪೋದಲ್ಲಿ ಬಂದು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಖಾಲಿ ಇರುವ ತಿಂಗಳುಗಳಿಗೆಲ್ಲ ಸೊನ್ನೆ ಬರೆದು, ಸಹಿ ಹಾಕಿ, ಅವನು ಡೀಸೆಲ್ ಇಳಿಸುವಷ್ಟರಲ್ಲಿ ಅವನ ಕೈಗೇ ಕೊಡು. ಗುರುವಾರ ಬಂದು ಮುಟ್ಟಿದರೆ ಸಮಿತಿಯ ಮುಂದೆ ನಾನೇ ಇಡುತ್ತೇನೆ, ನಾನು ಯಾರ ಮಗಳು ಅಂತಲೂ ಹೇಳುತ್ತೇನೆ. ಹಾಳೆಯ ಹಿಂದುಗಡೆ ನನಗೂ ಏನಾದರೂ ಬರಿ, ಬರೀ ಸಹಿ ಕಳಿಸಬೇಡ. ಮೇಲೆ ನಾನು ಆರಾಮ, ಊಟ ನಿದ್ದೆ ಎಲ್ಲ ಸರಿಯಾಗಿದೆ ಅಂತ ಬರೆದಿದ್ದೇನಲ್ಲ, ಅದು ಹೋದ ತಿಂಗಳಿನ ಪತ್ರದಲ್ಲಿದ್ದದ್ದನ್ನೇ ಮತ್ತೆ ತುಂಬಿದ್ದು ಅಮ್ಮ.