ಬೇಲಿಯ ಆಚೆ ಹನ್ನೊಂದು ಮರಿ

೧೨ ಅಕ್ಟೋಬರ್ ೨೦೨೫, ರವಿವಾರ. ಮುಶಿಗೇರಿ.

ಇವತ್ತು ಮತ್ತೆರಡು ಬಾತುಮರಿ ಹೋದವು. ಗಂಡು ಬಾತುಗಳು ಕಾದಾಡುವಾಗ ಕಾಲಡಿ ಸಿಕ್ಕು ಸತ್ತವು. ಹನ್ನೆರಡರಲ್ಲಿ ಉಳಿದದ್ದು ಐದು.

ಬೇಲಿಯ ಆಚೆ, ನೆಗೆಣ್ಣಿ, ನನ್ನ ಮೈದುನನ ಹೆಂಡತಿ ಚನ್ನವ್ವನ ಹಿತ್ತಲಲ್ಲಿ ಹನ್ನೊಂದು ಮರಿ ತಾಯಿಯ ಹಿಂದೆ ಸಾಲಾಗಿ ಅಡ್ಡಾಡುತ್ತವೆ. ಅವಳಿಗೆ ಕಾವಿಗಿಡಲು ತತ್ತಿ ಕೊಟ್ಟವಳು ನಾನು! ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಸಂಜೆ ಹೆಪ್ಪು ಕೇಳುವ ನೆಪ ಮಾಡಿಕೊಂಡು ಹೋದೆ. ನಮ್ಮ ಮನೆಯಲ್ಲಿ ಹೆಪ್ಪು ಇತ್ತು.

"ಮರಿಗೆ ಏನ್ ಹಾಕ್ತೀಯವ್ವಾ?" ಎಂದೆ.

"ನುಚ್ಚು ಅಷ್ಟರೀ ಅಕ್ಕಾ. ಇರೂ ಒಂದು ಗಂಡು ಬಾತನ್ನ ಮರಿ ದೊಡ್ಡವಾಗೂತನಕ ಬ್ಯಾರೆ ಕೂಡಿ ಹಾಕೇನಿ. ನಿಮ್ಮಲ್ಲಿ ಮೂರು ಅದಾವಲ್ರಿ. ಒಂದನ್ನ ಕಂಡ್ರ ಒಂದಕ್ಕ ಆಗಂಗಿಲ್ಲ. ನಡುವ ಮರಿ ಸಾಯ್ತಾವ."

ಬಾತಿನ ಬಗ್ಗೆ ಹೇಳಿದಳೋ, ನನಗೇ ಚುಚ್ಚಿದಳೋ. ಹೆಪ್ಪು ಇಸಿದುಕೊಳ್ಳದೆ ಎದ್ದು ಬಂದೆ.

ಮೂರು ಯಾಕೆ ಸಾಕಿದ್ದೇನೆಂದು ಅವಳಿಗೆ ಗೊತ್ತು. ಅವಳು ಒಂದು ತಂದಳೆಂದು ನಾನು ಎರಡು ತಂದೆ. ಅವಳದು ನನ್ನವೆರಡಕ್ಕಿಂತ ದೊಡ್ಡದಾಗಿ ಬೆಳೆಯಿತೆಂದು, ರೋಣಕ್ಕೆ ಹೋಗಿ ಅದಕ್ಕಿಂತ ದಪ್ಪನೆಯದನ್ನು ಹುಡುಕಿ ತಂದೆ. ಈಗ ಅದೇ ಎಲ್ಲಕ್ಕಿಂತ ಪುಂಡ.

ಕತ್ತಲಾಗುವ ಮೊದಲು ಮೂರನ್ನೂ ದನದ ಕೊಟ್ಟಿಗೆಗೆ ಅಟ್ಟಿ ಬಾಗಿಲು ಹಾಕಿದೆ. ಒಳಗೆ ಬುಸುಗುಡುತ್ತಿದ್ದವು. ಅಷ್ಟರಲ್ಲಿ ಚನ್ನವ್ವ ಬೇಲಿಯ ಮೇಲಿಂದ ಬಟ್ಟಲು ಚಾಚಿದಳು.

"ಹೆಪ್ಪು ಮರತ್ರಿ ಅಕ್ಕಾ."

ಮುಖದಲ್ಲಿ ನಗು ಇರಲಿಲ್ಲ. ಇದ್ದಿದ್ದರೆ ಬೈಯಬಹುದಿತ್ತು.

ಹಾಲಿಗೆ ಅವಳ ಹೆಪ್ಪನ್ನೇ ಹಾಕಿದ್ದೇನೆ. ಬೆಳಿಗ್ಗೆ ಮೊಸರಾದರೂ ಅವಳದಕ್ಕಿಂತ ಗಟ್ಟಿಯಾಗಬೇಕು.