ಹಡಗಿನ ಕಥೆಯ ಮೂರು ಕ್ಯಾಸೆಟ್

ನನ್ನ ಪೊರ್ಬುಗಳೇ,

ಊರಿನಲ್ಲಿ ನಿಮ್ಮ ಇಗರ್ಜಿಯ ಕ್ರೈಸ್ತರನ್ನು ನನ್ನ ಅಪ್ಪ ಮರ್ಯಾದೆಯಿಂದ ಪೊರ್ಬುಗಳೇ ಎಂದು ಕರೆಯುತ್ತಿದ್ದ ಹಾಗೆಯೇ ಈ ಮಸ್ಕತ್‌ನಲ್ಲಿ ನಾನೂ ನಿಮ್ಮನ್ನು ಕರೆದೆ. ಇವತ್ತೂ ಹಾಗೆಯೇ ಕರೆಯುತ್ತಿದ್ದೇನೆ. ಆದರೆ ಇದು ಮರ್ಯಾದೆಯ ಪತ್ರವಲ್ಲ, ಜಗಳದ ಪತ್ರ. ರಜೆ ಮುಗಿಸಿ ನಿನ್ನೆ ರೂವಿಯ ನಮ್ಮ ರೂಮಿಗೆ ವಾಪಸು ಬಂದೆ. ಊರಿನಲ್ಲಿ ನಿಮ್ಮ ಮನೆಗೆ ಹೋಗಿದ್ದೆ. ನೀವು ತೀರಿಕೊಂಡು ಹತ್ತು ತಿಂಗಳಾದ ಮೇಲೆ ನಿಮ್ಮ ಹೆಂಡತಿ ಫಿಲೋಮಿನಾ ಬಾಯಮ್ಮ ನನ್ನಲ್ಲಿ ಕೇಳಿದ್ದು ಒಂದೇ ಒಂದು: "ಶೀನಣ್ಣ, ಅವರ ಸ್ವರ ಇರುವ ಕ್ಯಾಸೆಟ್ ನಿಮ್ಮ ರೂಮಿನಲ್ಲಿ ಎಲ್ಲಿಯಾದರೂ ಉಂಟಾ?" ಇಲ್ಲ. ಒಂದೂ ಇಲ್ಲ. ಏಕೆ ಇಲ್ಲ ಎಂದು ನಿಮಗೆ ಗೊತ್ತು, ನನಗೂ ಗೊತ್ತು. ಅದಕ್ಕೇ ಈ ಜಗಳ.

ಆ ಮೊದಲ ಶುಕ್ರವಾರ ನೆನಪಿದೆಯೇ? ಬಸ್ ನಿಲ್ದಾಣದ ಹಿಂದಿನ ವಿಡಿಯೋ ಅಂಗಡಿಯಿಂದ ಅಮೆರಿಕದ ಆ ಹಡಗಿನ ಸೀರಿಯಲ್ ತಂದಿದ್ದೆವು. ಬಿಳಿ ಹಡಗು, ಬಿಳಿ ಸಮವಸ್ತ್ರದ ಕ್ಯಾಪ್ಟನ್, ಹೆಂಗಸರ ಹಿಂದೆ ಸುತ್ತುವ ಡಾಕ್ಟರ್, ಎಲ್ಲರ ಗುಟ್ಟನ್ನೂ ಕೇಳಿಸಿಕೊಳ್ಳುವ ಬಾರಿನವ. ಪ್ರತಿ ಕಂತಿನಲ್ಲೂ ಎರಡು ಮೂರು ಜೋಡಿ ಮುನಿಸಿಕೊಂಡು ಹಡಗು ಹತ್ತುವುದು, ಕೈಕೈ ಹಿಡಿದು ಇಳಿಯುವುದು. ನಮ್ಮಿಬ್ಬರದೂ ಅರ್ಧಂಬರ್ಧ ಇಂಗ್ಲಿಷ್. ಮುಖ ನೋಡಿಯೇ ಕಥೆ ಹಿಡಿಯುತ್ತಿದ್ದೆವು. ನೀವು ಖುರುಮ್‌ನ ಹೋಟೆಲಿನ ಲಾಂಡ್ರಿಯವರು. ಕ್ಯಾಪ್ಟನ್ ಎದೆಯುಬ್ಬಿಸಿ ಬಂದು ನಿಂತಾಗ ನೀವು ಹೇಳಿದ್ದು, "ಶೀನ, ಆ ತೋಳಿನ ಇಸ್ತ್ರಿ ನೋಡು. ಎರಡೆರಡು ಗೆರೆ ಬಿದ್ದಿದೆ. ನಮ್ಮಲ್ಲಾದರೆ ಸೂಪರ್‌ವೈಸರ್ ಮುಖಕ್ಕೆ ಬಿಸಾಡ್ತಿದ್ದ." ಒಂದು ಗಂಟೆಯ ಪ್ರೇಮ ನೋಡಿ ನಿಮ್ಮ ಬಾಯಿಂದ ಹೊರಟದ್ದು ಅಷ್ಟೇ.

ಅದೇ ಮಧ್ಯಾಹ್ನ ನೀವು ಬಾಯಮ್ಮನಿಗೆ ಕ್ಯಾಸೆಟ್ ತುಂಬಿಸಬೇಕಿತ್ತು. ಇಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದೆವಲ್ಲ, ಕಾಗದದ ಬದಲು ಟೇಪ್‌ರೆಕಾರ್ಡರಿನ ಮುಂದೆ ಮಾತಾಡಿ ಊರಿಗೆ ಹೊರಟವರ ಕೈಯಲ್ಲಿ ಕಳಿಸುವುದು. ನೀವು ಅದರ ಮುಂದೆ ಪಾದ್ರಿಗಳ ಎದುರು ಕೂತ ಹಾಗೆ ಕೂತಿರಿ. "ಎಲ್ಲ ಸೌಖ್ಯ" ಎಂದಿರಿ. ಅಲ್ಲಿಗೆ ಗಾಡಿ ನಿಂತಿತು. "ಎಂತ ಹೇಳುವುದು ಮಾರಾಯ? ನೀನು ನಾಟಕದವ. ಆ ಹಡಗಿನ ಕಥೆ ಅವಳಿಗೆ ಹೇಳಿಬಿಡು, ಖುಷಿಯಾದೀತು." ನಾನು ಮೂರ್ಖ, ಹೇಳಿದೆ. ಪರದೆಯ ಹಿಂದೆ ಹುಟ್ಟಿ ಬೆಳೆದವನು ನಾನು, ಮೈಕು ಕಂಡರೆ ಮೈಮರೆಯುತ್ತೇನೆ. ಕ್ಯಾಪ್ಟನ್‌ಗೆ ಮಹಾರಾಜನ ಗತ್ತು, ಡಾಕ್ಟರಿಗೆ ವಿದೂಷಕನ ಸ್ವರ, ನಾಯಕಿಗೆ ಸ್ತ್ರೀಪಾತ್ರದ ಕೊರಳು. ಪಕ್ಕದ ರೂಮಿನ ಅಬ್ಬಾಸಾಕ ಗೋಡೆ ಗುದ್ದಿ, "ಯಲ್ಲಾ ಶೀನಣ್ಣ, ಹಡಗನ್ನು ಒಮ್ಮೆ ಮುಳುಗಿಸಿಬಿಡಿ, ಇವತ್ತೊಂದು ದಿನ ರಜೆ, ನಾನು ಮಲಗಬೇಕು" ಎಂದು ಕೂಗಿದರು. ನೀವು ನಕ್ಕಿರಿ. ಆ ನಗುವಾದರೂ ಟೇಪಿನಲ್ಲಿ ಬಿದ್ದಿತ್ತೋ ಏನೋ...

ಮೂರೇ ಕ್ಯಾಸೆಟ್ ಎಂಬ ನಿಯಮ ಯಾರದು, ಹೇಳಿ? ನಾವು ಕಳಿಸಿದ್ದನ್ನು ಬಾಯಮ್ಮ ಕೇಳಿ, ಅದರ ಮೇಲೆಯೇ ತಮ್ಮ ಉತ್ತರ ತುಂಬಿಸಿ ಕಳಿಸುವುದು. ಅದನ್ನು ನೀವು ಕೇಳಿಯಾದ ಮೇಲೆ, ಅದರ ಮೇಲೆಯೇ ನಾನು ಮುಂದಿನ ಹಡಗು ಹೊರಡಿಸುವುದು. "ಹೊಸತು ಯಾಕೆ? ಕೇಳಿ ಆಯ್ತಲ್ಲ, ಖಲಾಸ್," ಎನ್ನುತ್ತಿದ್ದಿರಿ. ಏಳು ವರ್ಷ ಆ ಮೂರು ಕ್ಯಾಸೆಟ್‌ಗಳು ಸಮುದ್ರದ ಮೇಲೆ ಹೋಗಿ ಬಂದವು. ಪ್ರತಿ ಸಲವೂ ಕೊನೆಗೆ ನಾನು ಮೈಕನ್ನು ನಿಮ್ಮ ಕಡೆ ತಿರುಗಿಸಲಿಲ್ಲವೇ? ನೀವು ಅಂಗಿ ಮಡಚುತ್ತ, ತಲೆ ಎತ್ತದೆ, "ನೀನೇ ಹೇಳು, ಸೌಖ್ಯ ಅಂತ." ಸಂಸಾರ ಯಾರದು, ಪೊರ್ಬುಗಳೇ? ಕೊಂಕಣಿಯ ಒಂದಕ್ಷರ ಬಾರದ ನಾನು, ನನ್ನ ನಾಟಕದ ಕನ್ನಡದಲ್ಲಿ, ಯಾರ್ಯಾರದೋ ಪ್ರೇಮವನ್ನು ನಿಮ್ಮ ಹೆಂಡತಿಗೆ...

ಒಂದೇ ಒಂದು ಸಲ ನೀವು ಮಾತಾಡಿದಿರಿ. ಹಡಗಿಗೆ ಆ ವಾರ ತಲೆ ನರೆತ ಗಂಡಹೆಂಡತಿ ಹತ್ತಿದ್ದರು. ಊಟದ ಮೇಜಿನಲ್ಲಿ ಎದುರೆದುರು ಕೂತರೂ ಮಾತಿಲ್ಲ. ಕೊನೆಯಲ್ಲಿ ಎಲ್ಲರೂ ಕುಣಿಯುವಾಗ ಆ ಮುದುಕ ಎದ್ದು, ಏನೂ ಹೇಳದೆ, ಆಕೆಯ ಮುಂದೆ ಕೈ ಚಾಚಿದ. ನೀವು ಟಿವಿ ಆರಿಸಿದಿರಿ. "ಶೀನ, ಸ್ವಲ್ಪ ಹೊರಗೆ ಹೋಗು." ನಿಮ್ಮ ಪರವಾಗಿ ನಾನೇ ರೆಕಾರ್ಡರಿನ ಎರಡು ಗುಂಡಿ ಒತ್ತಿ, ತಾರಸಿಯ ನೀರಿನ ಟಾಂಕಿಯ ನೆರಳಿನಲ್ಲಿ ಹೋಗಿ ನಿಂತೆ. ಕಾಲು ಗಂಟೆಯ ಮೇಲೆ ನೀವು ಹೊರಬಂದಾಗ ಅಂಗಿಯೆಲ್ಲ ಬೆವರು. "ಎಂತ ಹೇಳಿದ್ರಿ?" ಎಂದು ಕೇಳಿದೆ. "ಅದು ನಿನ್ನ ನಾಟಕಕ್ಕೆ ಬೇಡ," ಎಂದಿರಿ. ಅಂತೂ ಪರದೆ ಎದ್ದಿತು ಎಂದುಕೊಂಡೆ. ಮುಂದಿನ ಶುಕ್ರವಾರ ನೀವು ಮತ್ತೆ ಅಂಗಿ ಮಡಚುತ್ತಿದ್ದಿರಿ.

ಕೆಲಸದ ಹೊತ್ತಿನಲ್ಲಿ ಇಸ್ತ್ರಿ ಮೆಷಿನಿನ ಪಕ್ಕ ಕುಸಿದಿರಿ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು. ಊರಿಗೆ ತಿಳಿಸುವವರು ಯಾರು? ಏಳು ವರ್ಷ ನಿಮ್ಮ ಪರವಾಗಿ ಮಾತಾಡಿದವನೇ. ನಿಮ್ಮ ಮನೆಯ ಹತ್ತಿರದ ಅಂಗಡಿಯ ಫೋನಿಗೆ ಬಾಯಮ್ಮನನ್ನು ಕರೆಸಿದೆ. ನನ್ನ ಸ್ವರ ಕೇಳಿದ್ದೇ ತಡ, ಅವರು ನಕ್ಕುಬಿಟ್ಟರು. "ಶೀನಣ್ಣನಾ? ಈ ಸಲ ಹಡಗಿನಲ್ಲಿ ಯಾರು ಯಾರು?" ಎಂದು ಕೇಳಿದರು. ಸಾವಿರ ಜನರ ಮುಂದೆ ಗರ್ಜಿಸಿದ ಗಂಟಲು ಇದು. ಆ ದಿನ ಅದರಿಂದ ಹೊರಟ ಮಾತು ಏನೆಂದು ನನಗೆ ಇವತ್ತಿಗೂ ನೆನಪಿಲ್ಲ. ಆ ನಗುವನ್ನು ನಿಲ್ಲಿಸುವ ಕೆಲಸವನ್ನೂ ನನಗೇ ಬಿಟ್ಟು ಹೋದಿರಲ್ಲ, ನ್ಯಾಯವೇ ಇದು?

ಮೊನ್ನೆ ಬಾಯಮ್ಮ ಆ ಮೂರು ಕ್ಯಾಸೆಟ್ ತಂದು ಮೇಜಿನ ಮೇಲಿಟ್ಟರು. ಒಂದು ನಿಮ್ಮ ಸಾಮಾನಿನ ಪೆಟ್ಟಿಗೆಯೊಂದಿಗೆ ಇಲ್ಲಿಂದ ಹೋದದ್ದು, ಅದರಲ್ಲಿ ಅವರದೇ ಉತ್ತರ. ಉಳಿದ ಎರಡರಲ್ಲೂ ನನ್ನ ಆರ್ಭಟವೇ. "ನೀವು ಎಲ್ಲರ ಸ್ವರ ಮಾಡ್ತೀರಲ್ಲ ಶೀನಣ್ಣ. ಅವರ ಹಾಗೆ ಒಂದು ಮಾತು ಹೇಳ್ತೀರಾ?" ಎಂದು ಕೇಳಿದರು. ನಿಮ್ಮ "ಖಲಾಸ್" ಮಾಡಿ ಇಡೀ ರೂಮನ್ನು ನಗಿಸುತ್ತಿದ್ದವನು ನಾನು. ಬಾಯಿ ತೆರೆದೆ, ನಿಮ್ಮ ಸ್ವರ ಬರಲಿಲ್ಲ. "ಅವರೇ ಮಾತಾಡಿದ್ದು ಒಂದಿತ್ತಲ್ಲ?" ಎಂದು ಕೇಳಿದೆ.

"ಅಳಿಸಿದೆ."

"ಯಾಕೆ ಬಾಯಮ್ಮ?"

"ಕೊನೆಗೆ ಅವರೇ ಹೇಳಿದ್ರು. ಕೇಳಿ ಆದ ಮೇಲೆ ಇದರ ಮೇಲೆಯೇ ತುಂಬಿಸು, ಬೇರೆಯವರು ಕೇಳಿದರೆ ನಾಚಿಕೆ ಅಂತ. ನಾಲ್ಕು ಸಲ ಕೇಳಿದೆ. ಆಮೇಲೆ ಅಳಿಸಿದೆ."

ಲಾರೆನ್ಸ, ಇದೊಂದು ಸಲ ಏಕವಚನದಲ್ಲಿ ಕೇಳುತ್ತೇನೆ, ನೀನು ಎಂಥ ಮನುಷ್ಯ? ಏಳು ವರ್ಷದಲ್ಲಿ ಒಂದೇ ಸಲ ಬಾಯಿ ಬಿಟ್ಟೆ, ಅದನ್ನೂ ಅಳಿಸಲು ಹೇಳಿದೆ? ನಿನ್ನ ಮಾತಿನ ಮೇಲೆ ಆಕೆಯ ಉತ್ತರ, ಆಕೆಯ ಉತ್ತರದ ಮೇಲೆ ನನ್ನ ಹಡಗು. ನೀನು ಬೆವತು ಹೇಳಿದ ಆ ಜಾಗದಲ್ಲಿ ಈಗ ನನ್ನ ಡಾಕ್ಟರ್ ನಿಂತು ಹಲ್ಲು ಕಿರಿಯುತ್ತಿದ್ದಾನೆ. ನನ್ನ ಕೈಯಿಂದ ಇದನ್ನು ಮಾಡಿಸಿದೆಯಲ್ಲ. ಪರಿಚಯವಿಲ್ಲದವರ ಪ್ರೇಮ ನಾಚಿಕೆಯಿಲ್ಲದೆ ವಾರವಾರ ನೋಡಿದವನಿಗೆ, ಸ್ವಂತ ಹೆಂಡತಿಯ ಬಳಿ ನಾಚಿಕೆಯೇ?

ಸಿಟ್ಟಿನಲ್ಲೇ ಬಾಯಮ್ಮನನ್ನು ಕೇಳಿದೆ, "ಅಂಥದ್ದು ಎಂತ ಹೇಳಿದ್ರು?" ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಅದು ನಿಮಗೆ ಯಾಕೆ?" ಎಂದರು. ಮೇಜಿನ ಮೇಲಿನ ಕ್ಯಾಸೆಟ್‌ಗಳನ್ನು ಒಂದರ ಮೇಲೊಂದು ಜೋಡಿಸುತ್ತ, "ಬಾಯಿಪಾಠ ಉಂಟು ನನಗೆ. ಪೂರ್ತಿ," ಎಂದರು.

ನಾನು ಎದ್ದೆ. ಪೇಟೆಗೆ ಹೋಗಿ ಒಂದು ಹೊಸ ಕ್ಯಾಸೆಟ್ ತಂದೆ. ಹೌದು, ಹೊಸತು. ರೆಕಾರ್ಡರಿಗೆ ಹಾಕಿ, ಎರಡು ಗುಂಡಿ ಒತ್ತಿ, "ಹೇಳಿ ಬಾಯಮ್ಮ" ಎಂದು ಅಂಗಳಕ್ಕೆ ಬಂದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತೆ. ಕಿಟಕಿಯಿಂದ ಕೊಂಕಣಿ ಕೇಳಿಸುತ್ತಿತ್ತು, ನಿಮ್ಮ ಕೊಂಕಣಿ, ಅವರ ಸ್ವರದಲ್ಲಿ. ಒಂದು ಕಡೆ ನಿಂತಿತು. ಒಂದು ಕಡೆ ಅವರು ನಕ್ಕರು. ನಿಮ್ಮ ಆ ಮಾತಿನಲ್ಲಿ ನಗುವುದಕ್ಕೂ ಏನೋ ಇತ್ತು ಎಂದಾಯಿತು. ನನಗೆ ಒಂದು ಮಾತೂ ಅರ್ಥವಾಗಲಿಲ್ಲ, ಅರ್ಥ ಏನೆಂದು ಅವರನ್ನು ಕೇಳಲೂ ಇಲ್ಲ.

ಮುಗಿದ ಮೇಲೆ ಕರೆದು ಕ್ಯಾಸೆಟನ್ನು ಕೈಗೆ ಕೊಟ್ಟರು. ಅದರ ಬೆನ್ನಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವನ್ನು ಮುರಿದರೆ ಆ ಕ್ಯಾಸೆಟ್ಟಿನಲ್ಲಿ ಮತ್ತೆ ಏನನ್ನೂ ತುಂಬಿಸಲು ರೆಕಾರ್ಡರ್ ಬಿಡುವುದಿಲ್ಲ, ನಿಮಗೂ ಗೊತ್ತಿತ್ತು. ಅಡುಗೆಮನೆಯ ಚೂರಿ ಕೇಳಿ ತೆಗೆದುಕೊಂಡು ಎರಡನ್ನೂ ಮುರಿದೆ. ಕ್ಯಾಸೆಟ್ ಈಗ ನಿಮ್ಮ ಮನೆಯ ಆಲ್ತಾರಿನಲ್ಲಿ, ದೇವರ ಪೀಠದ ಮೇಲೆ, ನಿಮ್ಮ ಫೋಟೋದ ಪಕ್ಕದಲ್ಲಿದೆ.

ನಾಚಿಕೆಯಾದರೆ ಬನ್ನಿ, ಪೊರ್ಬುಗಳೇ. ಬಂದು ಅಳಿಸಿ ನೋಡಿ.

ನಿಮ್ಮ ಶೀನ